ವಿದ್ಯಾರ್ಥಿ ವೀಸಾ ದುಡಿಮೆಯ ಪರವಾನಗಿಯಲ್ಲ

(ಉನ್ನತ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಬಯಸುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಮುದಾಯದಲ್ಲಿ ಒಂದು ಶುಭಸೂಚಕ ಬದಲಾವಣೆ ಕಾಣಿಸುತ್ತಿದೆ. ಒಂದು ಕಾಲದಲ್ಲಿ ನಮ್ಮ ಮನೆಗಳ ಹುಡುಗನು ಪಾಸ್‌ಪೋರ್ಟ್ ಮಾಡಿಸಿದನೆಂದರೆ ಅದು ಗಲ್ಫಿಗೆ ಎಂದೇ ಅರ್ಥವಿತ್ತು. ಇಂದು ಅದೇ ಮನೆಗಳ ಮಕ್ಕಳು, ಹೆಣ್ಣುಮಕ್ಕಳೂ ಸೇರಿದಂತೆ, ಸ್ನಾತಕೋತ್ತರ ವಿದ್ಯಾಭ್ಯಾಸಕ್ಕಾಗಿ ಅಮೆರಿಕ, ಬ್ರಿಟನ್, ಜರ್ಮನಿಗಳ ವಿಶ್ವವಿದ್ಯಾನಿಲಯಗಳ ಬಾಗಿಲು ತಟ್ಟುತ್ತಿದ್ದಾರೆ. 2023-24ನೇ ಸಾಲಿನಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಆ ವರ್ಷ ಚೀನಾವನ್ನೂ ಹಿಂದಿಕ್ಕಿ ಭಾರತವು ಮೊದಲನೆಯ ಸ್ಥಾನಕ್ಕೆ ಬಂತು. ಈ ಸಂಖ್ಯೆಯಲ್ಲಿ ನಮ್ಮ ಮಕ್ಕಳೂ ಇದ್ದಾರೆಂಬುದು ಸಂತೋಷದ ವಿಷಯ.

ಆದರೆ ಗಲ್ಫಿನ ಅನುಭವವನ್ನೇ ಅಮೆರಿಕಕ್ಕೂ ಅನ್ವಯಿಸುವುದರಿಂದ ಒಂದು ಅಪಾಯ ಹುಟ್ಟಿಕೊಂಡಿದೆ. ಗಲ್ಫಿನ ವೀಸಾ ಎಂದರೆ ದುಡಿಮೆಯ ವೀಸಾ. ಅಲ್ಲಿಗೆ ಇಳಿದ ತಿಂಗಳಿನಿಂದಲೇ ಸಂಬಳ, ಮನೆಗೆ ಹಣ. ಅಮೆರಿಕದ ವಿದ್ಯಾರ್ಥಿ ವೀಸಾದ ಸ್ವರೂಪವೇ ಬೇರೆ. ಎಫ್-1 ಎಂದು ಕರೆಯಲಾಗುವ ಈ ವೀಸಾ ಕಲಿಯುವುದಕ್ಕೆ ಕೊಡುವ ಅನುಮತಿಯೇ ಹೊರತು ದುಡಿಯುವುದಕ್ಕೆ ಕೊಡುವ ಅನುಮತಿಯಲ್ಲ. "ಹೇಗಾದರೂ ಅಲ್ಲಿಗೆ ತಲುಪಿದರೆ ಸಾಕು, ಪಾರ್ಟ್‌ಟೈಮ್ ದುಡಿದು ಫೀಸನ್ನೂ ಕಟ್ಟುತ್ತಾನೆ, ಸಾಲವನ್ನೂ ತೀರಿಸುತ್ತಾನೆ" ಎಂಬ ಲೆಕ್ಕಾಚಾರದಲ್ಲಿ ಮನೆಯ ಪತ್ರವನ್ನೂ ತಾಯಿಯ ಒಡವೆಯನ್ನೂ ಅಡವಿಡುವ ಕುಟುಂಬಗಳು ನಮ್ಮ ನಡುವೆ ಇವೆ. ಈ ಲೆಕ್ಕ ತಪ್ಪಿದಾಗ ಬೀಳುವ ಭಾರವೆಲ್ಲ ಇಪ್ಪತ್ತೆರಡರ ಒಬ್ಬ ಯುವಕನ ಹೆಗಲ ಮೇಲೆ. ಆದ್ದರಿಂದ ಅಲ್ಲಿಯ ಕಾನೂನು ಏನನ್ನು ಅನುಮತಿಸುತ್ತದೆ, ಏನನ್ನು ಅನುಮತಿಸುವುದಿಲ್ಲ ಎಂಬುದನ್ನು ನಾವು ಹೊರಡುವ ಮುನ್ನವೇ ಅರಿತಿರಬೇಕು.

ಮೊದಲನೆಯದಾಗಿ, ಕ್ಯಾಂಪಸ್ಸಿನೊಳಗಿನ ಕೆಲಸ. ಗ್ರಂಥಾಲಯ, ಭೋಜನಶಾಲೆ, ಪ್ರಯೋಗಾಲಯ, ಬೋಧನಾ ಸಹಾಯಕ ಹುದ್ದೆ ಮುಂತಾದವು ಇದರಲ್ಲಿ ಸೇರುತ್ತವೆ. ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ ಗರಿಷ್ಠ 20 ಗಂಟೆ, ರಜಾದಿನಗಳಲ್ಲಿ ಪೂರ್ಣಾವಧಿ. ಇದರಿಂದ ಎಷ್ಟು ಬರುತ್ತದೆ? ಅಮೆರಿಕದ ಒಕ್ಕೂಟ ಸರಕಾರ 2009ರಲ್ಲಿ ನಿಗದಿಪಡಿಸಿದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಈ ದರದಲ್ಲಿ 20 ಗಂಟೆಗೆ ವಾರಕ್ಕೆ 145 ಡಾಲರ್. ಹದಿನಾರು ವಾರಗಳ ಒಂದು ಸೆಮಿಸ್ಟರಿಗೆ 2,320 ಡಾಲರ್. ಹಲವು ರಾಜ್ಯಗಳಲ್ಲಿ ಕನಿಷ್ಠ ವೇತನ ಇದಕ್ಕಿಂತ ಹೆಚ್ಚಿದೆಯೆಂಬುದು ನಿಜ. ದುಪ್ಪಟ್ಟು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದರಿಂದ ಊಟ, ಬಾಡಿಗೆಯ ಒಂದು ಪಾಲು ಸರಿದೂಗೀತು. ಫೀಸು ಮತ್ತು ಸಾಲ ತೀರಲಾರವು. ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಿದ ಬಳಿಕವೇ ವಿಶ್ವವಿದ್ಯಾನಿಲಯವು ಐ-20 ಪತ್ರವನ್ನು ನೀಡುವುದು ಇದೇ ಕಾರಣಕ್ಕೆ.

ಎರಡನೆಯದು, ಪಠ್ಯಕ್ರಮದ ಭಾಗವಾಗಿರುವ ತರಬೇತಿ. ಇದನ್ನು ಸಿಪಿಟಿ ಎನ್ನುತ್ತಾರೆ. ಇಂಟರ್ನ್‌ಶಿಪ್ ಮುಂತಾದ ಕೆಲಸವು ಆ ಕೋರ್ಸಿನ ಅವಿಭಾಜ್ಯ ಅಂಗವಾಗಿದ್ದರೆ ಮಾತ್ರ ಇದಕ್ಕೆ ಅವಕಾಶ. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಕಲಿತಿರಬೇಕು; ಆರಂಭದಿಂದಲೇ ತರಬೇತಿಯನ್ನು ಕಡ್ಡಾಯಗೊಳಿಸಿರುವ ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ವಿದ್ಯಾರ್ಥಿಗಳ ವೀಸಾ ವಿಚಾರ ನೋಡಿಕೊಳ್ಳುವ ವಿಶ್ವವಿದ್ಯಾನಿಲಯದ ಅಧಿಕಾರಿಯನ್ನು ಡಿಎಸ್‌ಒ ಎಂದು ಕರೆಯುತ್ತಾರೆ. ಅವರು ಐ-20ರಲ್ಲಿ ಕಂಪೆನಿಯ ಹೆಸರು ಮತ್ತು ದಿನಾಂಕವನ್ನು ನಮೂದಿಸಿದ ಮೇಲೆಯೇ ಕೆಲಸ ಆರಂಭಿಸಬೇಕು. ಆ ಕಂಪೆನಿಯನ್ನು ಬಿಟ್ಟು ಬೇರೆಡೆ ದುಡಿಯುವಂತಿಲ್ಲ. ಪೂರ್ಣಾವಧಿಯ ಸಿಪಿಟಿಯನ್ನು 12 ತಿಂಗಳು ಬಳಸಿಕೊಂಡವರು ಅದೇ ಹಂತದ ಮುಂದಿನ ಅವಕಾಶವಾದ ಒಪಿಟಿಯನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನೂ ನೆನಪಿಡಬೇಕು.

ಮೂರನೆಯದು, ಆ ಒಪಿಟಿ. ಕೋರ್ಸಿಗೆ ಸಂಬಂಧಿಸಿದ ಕ್ಷೇತ್ರದಲ್ಲಿ 12 ತಿಂಗಳು ಕೆಲಸ ಮಾಡುವ ಅನುಮತಿಯಿದು. ಹೆಚ್ಚಿನವರು ಇದನ್ನು ಪದವಿ ಮುಗಿದ ಮೇಲೆ ಬಳಸುತ್ತಾರೆ. ಇದನ್ನು ವಿಶ್ವವಿದ್ಯಾನಿಲಯವಲ್ಲ, ಅಲ್ಲಿಯ ಪೌರತ್ವ ಮತ್ತು ವಲಸೆ ಇಲಾಖೆಯು ಕೊಡುತ್ತದೆ. ಕೋರ್ಸು ಮುಗಿಯುವುದಕ್ಕೆ 90 ದಿನ ಮುಂಚಿನಿಂದ ಮುಗಿದ 60 ದಿನಗಳೊಳಗೆ ಅರ್ಜಿ ತಲುಪಬೇಕು. ಡಿಎಸ್‌ಒ ಶಿಫಾರಸು ಮಾಡಿದ 30 ದಿನಗಳೊಳಗೂ ತಲುಪಬೇಕು. ಉದ್ಯೋಗ ಅನುಮತಿಯ ಕಾರ್ಡು ಕೈಗೆ ಬರದೆ, ಅದರಲ್ಲಿರುವ ದಿನಾಂಕ ಆರಂಭವಾಗದೆ ಒಂದು ದಿನವೂ ದುಡಿಯುವಂತಿಲ್ಲ. ಅನುಮತಿ ಆರಂಭವಾದ ಬಳಿಕ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿದ್ದರೆ ವೀಸಾದ ಸ್ಥಾನಮಾನಕ್ಕೇ ಕುತ್ತು. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ವಿಷಯಗಳಲ್ಲಿ ಪದವಿ ಪಡೆದವರಿಗೆ ಇನ್ನೂ 24 ತಿಂಗಳ ವಿಸ್ತರಣೆ ದೊರೆಯುತ್ತದೆ. 2008ರಲ್ಲಿ 17 ತಿಂಗಳಾಗಿದ್ದ ಈ ವಿಸ್ತರಣೆಯನ್ನು 2016ರಲ್ಲಿ 24ಕ್ಕೆ ಏರಿಸಲಾಯಿತು. ಆದರೆ ಕೆಲಸ ಕೊಡುವ ಕಂಪೆನಿಯು ಸರಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿತವಾಗಿರಬೇಕು, ಲಿಖಿತ ತರಬೇತಿ ಯೋಜನೆಗೆ ಸಹಿ ಹಾಕಬೇಕು, ಸಂಬಳ ಕೊಡಬೇಕು. ಇಲ್ಲಿ ನಿರುದ್ಯೋಗದ ಮಿತಿ, ಮೊದಲಿನ 90 ದಿನಗಳೂ ಸೇರಿ, 150 ದಿನ.

ನಾಲ್ಕನೆಯದು, ಅನಿರೀಕ್ಷಿತ ಆರ್ಥಿಕ ಸಂಕಷ್ಟಕ್ಕೊಳಗಾದವರಿಗೆ ಇರುವ ಅವಕಾಶ. ಖರ್ಚು ನೋಡಿಕೊಳ್ಳುತ್ತಿದ್ದ ತಂದೆ ತೀರಿಕೊಂಡರೆ, ನೆರವು ನಿಂತುಹೋದರೆ, ರೂಪಾಯಿಯ ಮೌಲ್ಯ ತೀವ್ರವಾಗಿ ಕುಸಿದರೆ, ಆಸ್ಪತ್ರೆಯ ಬಿಲ್ಲು ಬಂದರೆ, ಒಂದು ವರ್ಷ ಕಲಿತ ವಿದ್ಯಾರ್ಥಿಯು ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 20 ಗಂಟೆ ದುಡಿಯಲು ಅನುಮತಿ ಕೋರಬಹುದು. ಕಷ್ಟದಲ್ಲಿದ್ದೂ ಇದನ್ನು ಅರಿಯದೆ ಕದ್ದುಮುಚ್ಚಿ ದುಡಿಯುವವರಿದ್ದಾರೆ. ಕಾನೂನಿನ ಬಾಗಿಲು ತೆರೆದಿರುವಾಗ ಗೋಡೆ ಹಾರುವುದೇಕೆ?

ಮಕ್ಕಳನ್ನು ಮದುವೆ ಮಾಡಿ ಕಳುಹಿಸುವ ಹೆತ್ತವರಿಗೆ ಒಂದು ಮಾತು. ವಿದ್ಯಾರ್ಥಿಯ ಪತ್ನಿ ಅಥವಾ ಪತಿಗೆ ದೊರೆಯುವ ಎಫ್-2 ವೀಸಾದಲ್ಲಿ ದುಡಿಮೆಗೆ ಅವಕಾಶವೇ ಇಲ್ಲ. "ಇಬ್ಬರೂ ಸೇರಿ ಸಂಪಾದಿಸುತ್ತಾರೆ" ಎಂದು ಹುಡುಗಿಯ ಮನೆಯವರಿಗೆ ಹೇಳಿ ಸಂಬಂಧ ಕುದುರಿಸುವವರು ಸತ್ಯವನ್ನು ಮರೆಮಾಚುತ್ತಿದ್ದಾರೆ.

ಇನ್ನು ನಾವು ಗಂಭೀರವಾಗಿ ಚಿಂತಿಸಬೇಕಾದ ವಿಷಯಕ್ಕೆ ಬರೋಣ. ಪೆಟ್ರೋಲ್ ಬಂಕ್, ಮೋಟೆಲ್, ರೆಸ್ಟೋರೆಂಟ್‌ಗಳಲ್ಲಿ ಲೆಕ್ಕಕ್ಕೆ ಸಿಗದ ನಗದಿಗೆ ದುಡಿಯುವ ಪದ್ಧತಿಯಿದೆ. ಬೇರೊಬ್ಬರ ಹೆಸರಿನಲ್ಲಿ ಆಹಾರ ತಲುಪಿಸುವ ಕೆಲಸ ಮಾಡುವವರೂ ಇದ್ದಾರೆ. "ಎಲ್ಲರೂ ಮಾಡುತ್ತಾರೆ" ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಸೌದಿ ಅರೇಬಿಯಾದಲ್ಲಿ ಒಬ್ಬ ಕಫೀಲನ ವೀಸಾದಲ್ಲಿದ್ದು ಇನ್ನೊಬ್ಬನಲ್ಲಿ ದುಡಿಯುತ್ತಿದ್ದವರಿಗೂ ಇದೇ ಸಮರ್ಥನೆಯಿತ್ತು. 2013ರಲ್ಲಿ ನಿತಾಕತ್ ಕ್ರಮ ಬಿಗಿಯಾದಾಗ ಏನಾಯಿತೆಂಬುದನ್ನು ಕರಾವಳಿಯ ಕುಟುಂಬಗಳಿಗೆ ನಾವು ನೆನಪಿಸಬೇಕಾಗಿಲ್ಲ. ಅನಧಿಕೃತವಾಗಿ ದುಡಿದ ವಿದ್ಯಾರ್ಥಿ ತನ್ನ ಸ್ಥಾನಮಾನವನ್ನು ಕಳೆದುಕೊಳ್ಳುತ್ತಾನೆ. ಸಂಬಳ ಕೊಡದೆ ಮಾಲಿಕನು ಸತಾಯಿಸಿದರೆ ದೂರು ಕೊಡಲು ಹೆದರುತ್ತಾನೆ. ಅವನ ಭಯವೇ ಮಾಲಿಕನ ಬಂಡವಾಳ.

ಇದರ ಧಾರ್ಮಿಕ ಮುಖವನ್ನೂ ಮರೆಯಬಾರದು. ಕರಾರನ್ನು ಪಾಲಿಸಬೇಕೆಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ಆದೇಶ. ವೀಸಾ ಎಂಬುದೂ ಒಂದು ಕರಾರು. ಇಂತಿಂಥ ಷರತ್ತಿಗೆ ಒಪ್ಪಿ ಬರುತ್ತೇನೆಂದು ಸಹಿ ಹಾಕಿ ಆ ನಾಡನ್ನು ಪ್ರವೇಶಿಸಿದವನು ಅದನ್ನು ಮುರಿಯುವುದು ಮುಸ್ಲಿಮನಿಗೆ ಭೂಷಣವಲ್ಲ. ಹಲಾಲ್ ಎಂಬುದು ತಟ್ಟೆಯಲ್ಲಿರುವ ಮಾಂಸಕ್ಕೆ ಮಾತ್ರ ಸೀಮಿತವೇ? ಅದನ್ನು ಕೊಂಡ ಹಣಕ್ಕೂ ಅನ್ವಯಿಸುವುದಿಲ್ಲವೇ?

ನಕಲಿ ವಿಶ್ವವಿದ್ಯಾನಿಲಯಗಳ ಜಾಲದ ಬಗ್ಗೆಯೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾನಿಲಯದ ಮೇಲೆ 2011ರ ಜನವರಿಯಲ್ಲಿ ದಾಳಿ ನಡೆಯಿತು. ಅಲ್ಲಿ ದಾಖಲಾಗಿದ್ದವರಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರಪ್ರದೇಶದವರು. ಕೆಲವು ವಿದ್ಯಾರ್ಥಿಗಳ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಲಾಯಿತು. ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ರಾಜ್ಯದ ಎಸ್.ಎಂ. ಕೃಷ್ಣ ಅವರು ಅದನ್ನು ಪ್ರತಿಭಟಿಸಿದರು. ಸಂಸ್ಥೆಯ ಒಡತಿಗೆ 2014ರಲ್ಲಿ ಹದಿನಾರು ವರ್ಷಕ್ಕೂ ಮೀರಿದ ಸಜೆಯಾಯಿತು. ಆದರೆ ವಿದ್ಯಾರ್ಥಿಗಳು ಕಳೆದುಕೊಂಡ ವರ್ಷಗಳು ಮರಳಲಿಲ್ಲ. 2019ರ ಜನವರಿಯಲ್ಲಿ ಬಯಲಾದ ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾನಿಲಯದ ಕಥೆ ಇನ್ನೂ ವಿಚಿತ್ರ. ಅದನ್ನು ಸ್ಥಾಪಿಸಿದ್ದೇ ಅಮೆರಿಕ ಸರಕಾರದ ಅಧಿಕಾರಿಗಳು. ಅಲ್ಲಿ ಅಧ್ಯಾಪಕರೂ ಇರಲಿಲ್ಲ, ತರಗತಿಯೂ ಇರಲಿಲ್ಲ. ಮೊದಲು ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರೆಂದು ವರದಿಯಾಯಿತು. ಬಲೆ ಬೀಸಿ ಎಳೆಯರನ್ನು ಹಿಡಿಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಆ ಸರಕಾರಕ್ಕೆ ಕೇಳಲೇಬೇಕು. ಅದರೊಂದಿಗೆ, ತರಗತಿಯೇ ಇಲ್ಲದ ಕಡೆ ಮೊದಲ ದಿನದಿಂದಲೇ ದುಡಿಯಬಹುದೆಂದು ಹೇಳುವ ದಲ್ಲಾಳಿಯನ್ನು ನಾವು ಏಕೆ ನಂಬುತ್ತೇವೆ ಎಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು.

ಅಮೆರಿಕದ ರಾಜಕೀಯದ ಗಾಳಿ ಯಾವ ದಿಕ್ಕಿಗೆ ತಿರುಗಿದರೂ ಮೊದಲ ಪೆಟ್ಟು ಬೀಳುವುದು ವಿದೇಶೀಯರಿಗೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಎರಡು ಡಜನಿನಷ್ಟು ದೇಶಗಳಿಂದ ಬಂದ ಪುರುಷರಿಗೆ ವಿಶೇಷ ನೋಂದಣಿಯನ್ನು ವಿಧಿಸಲಾಯಿತು. ಅವುಗಳಲ್ಲಿ ಬಹುತೇಕ ಎಲ್ಲವೂ ಮುಸ್ಲಿಮ್ ಬಹುಸಂಖ್ಯಾತ ದೇಶಗಳಾಗಿದ್ದವು. ಆ ನಿಯಮವನ್ನು ಪೂರ್ಣವಾಗಿ ರದ್ದುಪಡಿಸಿದ್ದು 2016ರ ಡಿಸೆಂಬರಿನಲ್ಲಿ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಹಠಾತ್ತನೆ ರದ್ದುಗೊಳಿಸಲಾಯಿತು. ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಏಪ್ರಿಲ್ ಅಂತ್ಯದಲ್ಲಿ ಸರಕಾರ ಹಿಂದೆ ಸರಿಯಿತು. ವಿದ್ಯಾಭ್ಯಾಸದ ನಂತರದ ಎಚ್-1ಬಿ ವೀಸಾ ವರ್ಷಕ್ಕೆ 65,000 ಮಂದಿಗೆ, ಅಲ್ಲಿಯ ಸ್ನಾತಕೋತ್ತರ ಪದವೀಧರರಿಗಾಗಿ ಮತ್ತೆ 20,000 ಮಂದಿಗೆ ಸೀಮಿತ. ಅರ್ಹತೆ ಇದ್ದವರೆಲ್ಲರಿಗೂ ಅದು ಸಿಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರಿನ ಶುಲ್ಕ ಘೋಷಣೆಯಾಯಿತು. ದೇಶದೊಳಗಿದ್ದು ವಿದ್ಯಾರ್ಥಿ ಸ್ಥಾನಮಾನದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂಬ ವಿವರಣೆ ಬಂದದ್ದು ಅಕ್ಟೋಬರಿನಲ್ಲಿ. ಆ ಒಂದು ತಿಂಗಳು ಎಷ್ಟು ಮನೆಗಳು ನಿದ್ದೆಗೆಟ್ಟಿರಬಹುದು! ನಿಯಮಗಳು ಹೀಗೆ ಬದಲಾಗುವಲ್ಲಿ, ಬಾರದ ಸಂಬಳವನ್ನು ನಂಬಿ ಇರುವ ಮನೆಯನ್ನು ಅಡವಿಡುವುದು ವಿವೇಕವಲ್ಲ.

ನಮ್ಮ ಸರಕಾರದ ಹೊಣೆಯನ್ನೂ ಇಲ್ಲಿ ಹೇಳದಿರಲಾಗದು. ವಿದೇಶದಲ್ಲಿ ಕಲಿಯುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಯನ್ನು ಭರಿಸುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ಅದೇ ಸಾಲಿನಿಂದ ನಿಂತಿತು. ಏಳೂವರೆ ಲಕ್ಷಕ್ಕೆ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಆಸ್ತಿಯಿಲ್ಲದವನು ಎಲ್ಲಿಗೆ ಹೋಗಬೇಕು? ಹಿಂದುಳಿದಿರುವಿರೆಂದು ಆರೋಪಿಸುವವರೇ ಏಣಿಯನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ?

ಆದರೆ ಸರಕಾರವನ್ನು ದೂರಿ ಕೈಕಟ್ಟಿ ಕುಳಿತರೆ ನಮ್ಮ ಹೊಣೆ ಮುಗಿಯದು. ಮದುವೆಯ ಒಂದು ರಾತ್ರಿಗೆ ಲಕ್ಷಾಂತರ ಸುರಿಯುವ ಸಮುದಾಯವು ಬಡ್ಡಿರಹಿತ ಶಿಕ್ಷಣ ನಿಧಿಗೆ ಹಣವಿಲ್ಲವೆಂದರೆ ಯಾರು ನಂಬುತ್ತಾರೆ? ಪ್ರತಿ ಪಟ್ಟಣದ ಜಮಾಅತ್ ಒಂದು ನಿಧಿಯನ್ನು ಸ್ಥಾಪಿಸಲಿ. ಅದರಿಂದ ಕಲಿತು ನೆಲೆನಿಂತವರು ಮರುಪಾವತಿಸಿ ಮುಂದಿನವರಿಗೆ ದಾರಿ ಮಾಡಲಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲ ಯೋಜನೆಗಳ ಷರತ್ತುಗಳನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಹೆತ್ತವರಿಗೆ ತಿಳಿಸುವ ಕೆಲಸವನ್ನು ನಮ್ಮ ಯುವಕರು ವಹಿಸಿಕೊಳ್ಳಲಿ. ಈಗಾಗಲೇ ಅಲ್ಲಿ ಕಲಿಯುತ್ತಿರುವವರು ರಜೆಯಲ್ಲಿ ಊರಿಗೆ ಬಂದಾಗ ಮಸೀದಿಯ ಸಭಾಂಗಣದಲ್ಲಿ ಒಂದು ಸಂಜೆ ಇತರರಿಗೆ ಮಾರ್ಗದರ್ಶನ ನೀಡಲಿ.

ಹೊರಡುವ ಮಕ್ಕಳಿಗೆ ನಮ್ಮ ಮಾತು ಇಷ್ಟು. ಎರಡು ವರ್ಷದ ಖರ್ಚಿನ ಲೆಕ್ಕವನ್ನು ದುಡಿಮೆಯ ಆದಾಯ ಸೇರಿಸದೆ ಬರೆಯಿರಿ. ಯಾವ ಕೆಲಸಕ್ಕೂ ಒಪ್ಪಿಕೊಳ್ಳುವ ಮುನ್ನ ಡಿಎಸ್‌ಒ ಅವರನ್ನು ಕೇಳಿ; ಗೆಳೆಯನ ಮಾತು ಅನುಮತಿಯಲ್ಲ. ಒಪಿಟಿಯ ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಹೆತ್ತವರಲ್ಲಿ ನಮ್ಮ ವಿನಂತಿ: ಮಗನು ಫೋನು ಮಾಡಿದಾಗ "ಈ ತಿಂಗಳು ಎಷ್ಟು ಕಳುಹಿಸುತ್ತೀ?" ಎಂದು ಕೇಳಬೇಡಿ. ಆ ಪ್ರಶ್ನೆಯೇ ಎಷ್ಟೋ ಮಕ್ಕಳನ್ನು ಹಿಂಬಾಗಿಲ ದುಡಿಮೆಗೆ ನೂಕಿದೆ. ಕೆಲಸ ಸಿಗದೆ ಊರಿಗೆ ಮರಳಿದರೆ ಮುಖ ಮುರಿಯಬೇಡಿ. ಪದವಿ ಪಡೆದು ಪ್ರಾಮಾಣಿಕನಾಗಿ ಹಿಂದಿರುಗಿದವನು ಸೋತವನಲ್ಲ. ಜ್ಞಾನಾರ್ಜನೆಗೆ ಹೊರಟವನ ದಾರಿಯನ್ನು ಅಲ್ಲಾಹನು ಸುಗಮಗೊಳಿಸುತ್ತಾನೆಂಬ ಪ್ರವಾದಿವರ್ಯರ(ಸ) ಬೋಧನೆಯಲ್ಲಿ ನಮಗೆ ಭರವಸೆಯಿದೆ. ಆ ದಾರಿಯಲ್ಲಿ ನಾವು ಕಲ್ಲುಗಳನ್ನಿಡದಿರೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಶುದ್ಧ ಸಂಪಾದನೆಯನ್ನೂ ಕರುಣಿಸಲಿ. ಆಮೀನ್.