ವಾಲ್ವಿನ ಇಂಪು, ತಂಬೂರಿಯ ಶ್ರುತಿ



ಬೆಂಗಳೂರಿನ ವಾಯವ್ಯದಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ಅನತಿದೂರದಲ್ಲಿ, ಜಾಲಹಳ್ಳಿಯುಂಟು. ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ಹೊರಬಿದ್ದವು. ಹಳೆಯದೂ ಅದನ್ನು ಹಿಂದಕ್ಕೆ ತಳ್ಳಲಿದ್ದ ಹೊಸದೂ ಒಂದೇ ಅಂಗಳದಲ್ಲಿ ಬೆಳೆದುವು. ಆ ವಾಲ್ವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಆದರೂ ಇ.ಸಿ.ಸಿ. ೮೩, ಇ.ಎಲ್. ೮೪ ಎಂಬ ಹೆಸರಿನ ಜಾಲಹಳ್ಳಿಯ ಗಾಜಿನ ಬುರುಡೆಗಳನ್ನು ದೇಶವಿದೇಶಗಳ ಸಂಗೀತಾಭಿಮಾನಿಗಳು ಇಂದಿಗೂ ಹುಡುಕಿ ಕೊಳ್ಳುವರು. ವಾಲ್ವಿನ ನಾದದಲ್ಲಿ ಒಂದು ವಿಶೇಷವಾದ ಇಂಪುಂಟೆಂಬುದು ಅವರ ಮತ. ಅದು ನಿಜವೋ, ಬರಿಯ ಅಭಿಮಾನವೋ ಎಂಬುದನ್ನು ವಿಚಾರಮಾಡೋಣ.

ವಾಲ್ವೆಂದರೆ ಗಾಳಿಯನ್ನು ತೆಗೆದ ಬುರುಡೆ. ಅದರೊಳಗಣ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಟ್ಟೆಗೆ ಹರಿಯುತ್ತವೆ. ೧೯೦೪ರಲ್ಲಿ ಫ್ಲೆಮಿಂಗನು ರಚಿಸಿದ ಈ ಸಾಧನಕ್ಕೆ ೧೯೦೬ರಲ್ಲಿ ಡಿ ಫಾರೆಸ್ಟನು ನಡುವೆ ಒಂದು ಜಾಲರಿಯನ್ನು ಸೇರಿಸಿದನು. ಕೆರೆಯ ತೂಬನ್ನು ಅಂಗುಲದಷ್ಟು ಎತ್ತಿದರೆ ಕಾಲುವೆ ತುಂಬಿ ಹರಿಯುವಂತೆ, ಜಾಲರಿಯ ಮೇಲಣ ಅಲ್ಪ ವ್ಯತ್ಯಾಸವು ಪ್ರವಾಹದಲ್ಲಿ ಮಹತ್ತಾದ ವ್ಯತ್ಯಾಸವನ್ನುಂಟುಮಾಡುತ್ತದೆ. ಆದರೆ ತೂಬಿನ ಏರಿಕೆಗೂ ನೀರಿನ ಹರಿವಿಗೂ ಪ್ರಮಾಣ ಸರಿಸಮವಾಗಿರುವುದಿಲ್ಲ. ವಾಲ್ವಿನಲ್ಲಿಯೂ ಹಾಗೆಯೇ. ಈ ಕೊರತೆಯಿಂದಾಗಿ ಅದು ಮೂಲದಲ್ಲಿ ಇಲ್ಲದ ಸ್ವರಗಳನ್ನು ತಾನೇ ಸೇರಿಸುತ್ತದೆ.

ಸೇರಿಸುವುದೇನನ್ನು? ಒಂಟಿ ವಾಲ್ವು ಮುಖ್ಯವಾಗಿ ಮೂಲದ ಎರಡರಷ್ಟು ಕಂಪನದ ಸ್ವರವನ್ನು ಸೇರಿಸುತ್ತದೆ. ಅಂದರೆ ಮಧ್ಯ ಷಡ್ಜಕ್ಕೆ ತಾರ ಷಡ್ಜ. ಮೂರರಷ್ಟು ಸೇರಿದರೆ ಅದು ತಾರ ಪಂಚಮ. ಎರಡೂ ಶ್ರುತಿಗೆ ಹೊಂದುವ ಸ್ವರಗಳಾದುದರಿಂದ ಕಿವಿ ಅವನ್ನು ದೋಷವೆನ್ನದೆ ಮಾಧುರ್ಯವೆಂದು ಸ್ವೀಕರಿಸುತ್ತದೆ. ಎರಡು ವಾಲ್ವುಗಳನ್ನು ಎದುರುಬದುರಾಗಿ ಜೋಡಿಸಿದಲ್ಲಿ ಎರಡರಷ್ಟಿನ ಸ್ವರವು ಬಹುಮಟ್ಟಿಗೆ ಅಳಿದುಹೋಗುವುದು. ಆದುದರಿಂದ ಇಂಪು ಬುರುಡೆಯೊಂದರಲ್ಲೇ ಇಲ್ಲ, ಜೋಡಣೆಯಲ್ಲಿಯೂ ಇದೆ.

ಇಲ್ಲಿ ನಮ್ಮ ತಂಬೂರಿಯನ್ನು ಸ್ಮರಿಸಬೇಕು. ಮುಂದೆ ೧೯೩೩ರಲ್ಲಿ ಬೆಂಗಳೂರಿಗೆ ಬಂದ ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿಯೇ ತಂಬೂರಿ ಮತ್ತು ವೀಣೆಗಳ ಕುದುರೆಯ ರಹಸ್ಯವನ್ನು ಕುರಿತು ಬರೆದಿದ್ದರು. ಮೀಟಿದ ಸ್ಥಾನದಿಂದಾಗಿ ಮೂಡಬಾರದೆಂದು ಹಳೆಯ ನಿಯಮವು ಹೇಳುತ್ತಿದ್ದ ಉಪಸ್ವರಗಳೂ ಆ ಬಾಗಿದ ಕುದುರೆಯಿಂದ ಧಾರಾಳವಾಗಿ ಹೊಮ್ಮುತ್ತವೆ. ತಂತಿಯಡಿಯ ದಾರವನ್ನು ಸರಿಪಡಿಸಿದೊಡನೆ, ಯಾರೂ ಮೀಟದ ಅಂತರ ಗಾಂಧಾರವು ತಾನಾಗಿ ಕೇಳಿಬರುವುದಷ್ಟೆ! ಇಂತಹ ಐಶ್ವರ್ಯಕ್ಕೆ ಯಂತ್ರವು ತನ್ನದನ್ನೂ ಬೆರೆಸಿದರೆ, ಪಳಗಿದ ಕೈಯ ಶ್ರುತಿಗೂ ಸಾಧಾರಣವಾದ ಶ್ರುತಿಗೂ ಇರುವ ಭೇದವು ಮರೆಯಾದೀತು. ಮೇಲಾಗಿ ಹಾಡುಗಾರಿಕೆ, ಪಿಟೀಲು, ಮೃದಂಗಗಳು ಕೂಡಿದಾಗ, ಅದೇ ವಾಲ್ವು ಅವುಗಳ ಕಂಪನಗಳನ್ನು ಕೂಡಿಸಿ ಕಳೆದು, ಯಾವ ಶ್ರುತಿಗೂ ಸೇರದ ಸ್ವರಗಳನ್ನೂ ಹುಟ್ಟಿಸುತ್ತದೆ. ಒಂಟಿ ಕಂಠಕ್ಕೆ ಅಲಂಕಾರವಾದದ್ದು ಕಚೇರಿಗೆ ಕಲಕಾಗಬಹುದು.

ಹಾಗಾದರೆ ಆರಿಸುವುದು ಹೇಗೆ? ಎದುರಿನಲ್ಲಿ ಕುಳಿತು ಕೇಳಿ ಬಲ್ಲ ಗಾಯಕರ ಮುದ್ರಿಕೆಯನ್ನೇ ತೆಗೆದುಕೊಳ್ಳಿರಿ. ಎರಡು ಯಂತ್ರಗಳ ಗಟ್ಟಿತನವನ್ನೂ ಸಮಮಾಡಿರಿ; ತುಸು ಗಟ್ಟಿಯಾದದ್ದೇ ಉತ್ತಮವೆಂದು ಕಿವಿಗೆ ತೋರುವುದು ಸಹಜ. ಯಾವುದು ನುಡಿಯುತ್ತಿದೆಯೆಂದು ನಿಮಗೆ ತಿಳಿಯದಂತೆ ಬೇರೊಬ್ಬರು ಬದಲಿಸಲಿ. ಮೊದಲು ತಂಬೂರಿಯನ್ನು, ಅನಂತರ ಪೂರ್ಣ ಕಚೇರಿಯನ್ನು ಕೇಳಿರಿ. ಆಗಲೂ ಜಾಲಹಳ್ಳಿಯ ಬುರುಡೆಯೇ ಮನಸ್ಸಿಗೆ ಹಿಡಿಸಿದರೆ ಸಂತೋಷವಾಗಿ ಇಟ್ಟುಕೊಳ್ಳಿರಿ. ಆದರೆ ಕೇಳುತ್ತಿರುವ ಮಾಧುರ್ಯದಲ್ಲಿ ವಿದ್ವಾಂಸರ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬ ವಿವೇಕವಿರಲಿ. ಸಾಧಕರ ಶ್ರಮಕ್ಕೆ ರಸಿಕನು ಸಲ್ಲಿಸಬೇಕಾದ ನ್ಯಾಯವದು.