ಶೆಟ್ಟಿಹಳ್ಳಿಯ ದಾರಿಯಾಗಿ ಮೈಸೂರಿಗೆ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಶಾಲೆಯ ಅಧ್ಯಾಪಕ ವರ್ಗದ ಪರವಾಗಿ ಮಾಡಿದ ಭಾಷಣ)



ಮಕ್ಕಳನ್ನು ಈ ವರ್ಷ ಸಾಂಸ್ಕೃತಿಕ ಪ್ರವಾಸಕ್ಕೆ ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆ ಎದ್ದಾಗ ಪೋಷಕರೊಬ್ಬರು ಒಂದು ಮಾತನ್ನು ಕೇಳಿದರು. ದೊಡ್ಡ ನಗರಗಳ ಶಾಲೆಗಳು ಮಕ್ಕಳನ್ನು ಪ್ಯಾರಿಸ್, ರೋಮ್ ಮುಂತಾದ ನಗರಗಳಿಗೆ ಕಳುಹಿಸುತ್ತಿರುವಾಗ ನಮ್ಮ ಮಕ್ಕಳು ಯೂರೋಪಿನ ಮಹಾದೇವಾಲಯಗಳನ್ನು ಚಿತ್ರಗಳಲ್ಲಿಯೇ ನೋಡಿ ತೃಪ್ತರಾಗಬೇಕೆ? ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸಂಸಾರಗಳು ನಡೆಯುವ ಬಗೆ ನಿಮಗೆ ತಿಳಿದದ್ದೇ. ಕಾಯನ್ನು ಅಟ್ಟಕ್ಕೇರಿಸಿ, ಅದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾದು, ಆಮೇಲೆ ಮಾರುಕಟ್ಟೆಯ ಧಾರಣೆಯನ್ನು ನೆಚ್ಚಿ ಕುಳಿತುಕೊಳ್ಳುವವರು ನಾವು. ವಿಮಾನ ಹತ್ತಬಲ್ಲ ಮಕ್ಕಳು ಇಬ್ಬರೋ ಮೂವರೋ. ಹಿಂದೆ ಉಳಿಯುವುದು ಇಡೀ ತರಗತಿ. ಅಂತಹ ಪ್ರವಾಸವನ್ನು ಶಾಲೆಯ ಪ್ರವಾಸವೆಂದು ಕರೆಯಲು ನಮಗೆ ಮನಸ್ಸು ಬಾರದು.

ಆದುದರಿಂದ ಎರಡು ದಿನಗಳ ಬೇರೊಂದು ಪ್ರವಾಸವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅರಸೀಕೆರೆ, ಹಾಸನಗಳ ಮೇಲೆ ಹಾದು ಮೊದಲು ಶೆಟ್ಟಿಹಳ್ಳಿ, ಅನಂತರ ಮೈಸೂರು. ಮೈಸೂರಿಗೆ ಯಾರದೂ ಆಕ್ಷೇಪವಿಲ್ಲ. ಶೆಟ್ಟಿಹಳ್ಳಿಯ ಹೆಸರು ಕೇಳಿದೊಡನೆ, ಹಾಳುಬಿದ್ದ ಗೋಡೆಗಳನ್ನು ನೋಡಲು ಹಣ ಕೊಡಬೇಕೆ ಎಂದು ಕೆಲವರು ನಕ್ಕರು. ಈ ನಗೆಗೆ ಉತ್ತರ ಕೊಡಬೇಕಾಗಿದೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿಸಿದರು. ತಮ್ಮ ನಾಡಿನಲ್ಲಿ ಕಂಡಿದ್ದ ಗಾಥಿಕ್ ಶೈಲಿಯನ್ನು ಅವರು ಇಲ್ಲಿಯ ಮಣ್ಣಿನ ಮೇಲೆ ನಿಲ್ಲಿಸಿದರು. ಒಂದು ನೂರು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿ ಬಲಿಪೂಜೆ ನಡೆಯಿತು, ಮದುವೆಗಳಾದವು, ಕೂಸುಗಳಿಗೆ ಜ್ಞಾನಸ್ನಾನವಾಯಿತು. ಅನಂತರ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂದು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಏರಿತು, ಮುಳುಗಡೆಯ ಹಳ್ಳಿಗಳ ಜನ ತಮ್ಮ ಸಾಮಾನು ಸರಂಜಾಮುಗಳೊಡನೆ ಬೇರೆಡೆಗೆ ಹೋದರು. ದೇವಾಲಯ ಅಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಕಾಲು ಒದ್ದೆಯಾಗದೆ ಪೀಠವಿದ್ದ ಸ್ಥಳದವರೆಗೆ ನಡೆದು ಹೋಗಬಹುದು. ಚಾವಣಿ ಇಲ್ಲ, ಕಿಟಕಿಗಳ ಗಾಜು ಇಲ್ಲ.

ಪಾಠ ಹೇಳುವವರ ದೃಷ್ಟಿಯಿಂದ ಇದು ಒಂದು ಅನುಕೂಲವೇ ಸರಿ. ಪೂರ್ಣವಾದ ಕಟ್ಟಡದಲ್ಲಿ ಮರೆಯಾಗಿರುವ ಮರ್ಮ ಇಲ್ಲಿ ಬಯಲಾಗಿದೆ. ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯನ್ನು ಮಕ್ಕಳು ಬಲ್ಲರು. ಅಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರವೆಲ್ಲ ನೇರವಾಗಿ ಕೆಳಕ್ಕಿಳಿಯುತ್ತದೆ. ಕಮಾನು ಹಾಗಲ್ಲ. ಅದು ಭಾರವನ್ನು ಹೊತ್ತು, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯಲು ಹೊರಗಿನಿಂದ ಆನಿಕೆ ಬೇಕು. ಇಷ್ಟನ್ನು ಕಣ್ಣಾರೆ ಕಂಡ ಹುಡುಗ ಯಾವ ದೇಶದ ದೇವಾಲಯದ ಮುಂದೆ ನಿಂತರೂ ಬಾಯಿಬಿಟ್ಟು ನೋಡಿ ಸುಮ್ಮನಾಗದೆ, ಇದು ಹೇಗೆ ನಿಂತಿದೆಯೆಂದು ಕೇಳಿಯಾನು.

ಆದರೆ ನಾವು ಅಲ್ಲಿಗೆ ಹೋಗಬೇಕೆನ್ನುವುದು ಕಮಾನಿಗಾಗಿ ಮಾತ್ರವಲ್ಲ. ಗೊರೂರಿನಲ್ಲಿ ತಡೆದ ನೀರು ಎಡದಂಡೆಯ ನಾಲೆಯಲ್ಲಿ ಹರಿದು, ಬಾಗೂರು-ನವಿಲೆಯ ಸುರಂಗವನ್ನು ಹಾದು, ತುಮಕೂರು ಶಾಖಾ ನಾಲೆಯಾಗಿ ನಮ್ಮ ಕಡೆಗೆ ಬರುತ್ತದೆ. ತಿಪಟೂರು, ತುರುವೇಕೆರೆಗಳ ಕೆರೆಗಳಿಗೆ ಬಂದ ಹೇಮಾವತಿ ಇದೇ. ಚಿಕ್ಕನಾಯಕನಹಳ್ಳಿಯ ಕಡೆಯವರು ಇದೇ ನೀರಿಗಾಗಿ ಬಹುಕಾಲ ಕೇಳಿಕೊಂಡವರು. ಶೆಟ್ಟಿಹಳ್ಳಿಯ ಜನ ತಮ್ಮ ದೇವಾಲಯವನ್ನು ಬಿಟ್ಟು ಎದ್ದುಹೋದದ್ದರಿಂದ ನಮ್ಮ ತೋಟದ ಬುಡಕ್ಕೆ ತೇವ ಬಂದಿದೆ. ಅಣೆಕಟ್ಟು ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಬರಗಾಲದಲ್ಲಿ ಸುಳಿ ಒಣಗಿದ ಮರಗಳನ್ನು ಕಂಡವರು ಹಾಗೆ ಹೇಳಲಾರರು. ನಮ್ಮ ಧರ್ಮಕೇಂದ್ರ ನೂರು ವರ್ಷ ತುಂಬಿ ಹಬ್ಬ ಮಾಡುತ್ತಿರುವಾಗ, ನೂರು ದಾಟಿದ ಮೇಲೆ ಮನೆ ಕಳೆದುಕೊಂಡ ಇನ್ನೊಂದು ಧರ್ಮಕೇಂದ್ರದ ಹೆಸರು ನಮ್ಮ ಮಕ್ಕಳಿಗೆ ತಿಳಿಯದಿರುವುದು ಸರಿಯಲ್ಲವೆಂದು ಮಾತ್ರ ಹೇಳುತ್ತೇವೆ. ಅಲ್ಲಿ ಒಂದು ಜಪಸರವನ್ನು ಅವರು ಹೇಳಲಿ.

ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದೇ ಸ್ಥಳದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚರ್ಚೊಂದು ಎದ್ದಿತ್ತು. ಈಗಿನದಕ್ಕೆ 1933ರಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟವರು ನಾಲ್ವಡಿಯವರು. ಅದಕ್ಕೆ ಮಾದರಿಯಾದದ್ದು ಜರ್ಮನಿಯ ಕಲೋನ್ ನಗರದ ಮಹಾದೇವಾಲಯ. ಹೀಗೆ ಯೂರೋಪಿನ ನಗರವನ್ನು ನೋಡಬೇಕೆಂಬ ಮಕ್ಕಳ ಆಸೆಗೆ ಕೊಂಚವಾದರೂ ಉತ್ತರ ದೊರೆಯುತ್ತದೆ. ಇಲ್ಲಿಯ ಜೋಡಿ ಗೋಪುರಗಳು ಸುಮಾರು 175 ಅಡಿ. ಕಲೋನಿನವು 157 ಮೀಟರು, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಅಲ್ಲಿ 1248ರಲ್ಲಿ ಆರಂಭವಾದ ಕೆಲಸ ಹದಿನಾರನೆಯ ಶತಮಾನದಲ್ಲಿ ನಿಂತುಹೋಯಿತು. ಅರೆಕಟ್ಟಿದ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರವು ಶತಮಾನಗಳ ಕಾಲ ಹಾಗೆಯೇ ನಿಂತಿತ್ತಂತೆ. 1842ರಲ್ಲಿ ಮತ್ತೆ ಕೈಹಚ್ಚಿ 1880ರಲ್ಲಿ ಮುಗಿಸಿದರು. ಅಡಿಪಾಯ ಹಾಕಿದವರ ಮರಿಮಕ್ಕಳೂ ಶಿಖರವನ್ನು ಕಾಣಲಿಲ್ಲ. ಮೂಡಣ ದೇಶದಿಂದ ನಕ್ಷತ್ರವನ್ನು ಹಿಂಬಾಲಿಸಿ ಬಂದ ಮೂವರು ಜ್ಞಾನಿಗಳವೆಂದು ನಂಬಲಾದ ಪವಿತ್ರ ಅವಶೇಷಗಳು 1164ರಿಂದ ಆ ನಗರದಲ್ಲಿವೆ ಎಂಬುದನ್ನೂ ಮಕ್ಕಳಿಗೆ ಹೇಳುವೆವು. ನಾವೂ ಮೂಡಣದವರೇ ಅಲ್ಲವೆ!

ಇನ್ನು ವ್ಯವಸ್ಥೆಯ ಮಾತು. ನೀರು ಇಳಿದಿದೆಯೆಂದು ವಿಚಾರಿಸಿಕೊಂಡ ಮೇಲೆಯೇ ದಿನವನ್ನು ಗೊತ್ತುಪಡಿಸುವೆವು. ಹಳೆಯ ಗೋಡೆಗಳನ್ನು ಯಾರೂ ಹತ್ತುವಂತಿಲ್ಲ, ಅವುಗಳ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚುವಂತೆಯೂ ಇಲ್ಲ. ಮೊದಲ ದಿನದ ಬುತ್ತಿ ಮನೆಯಿಂದಲೇ ಬರಲಿ. ಹಣ ಕಟ್ಟಲಾಗದ ಮಕ್ಕಳ ಹೆಸರನ್ನು ತರಗತಿಯಲ್ಲಿ ಕೂಗುವುದಿಲ್ಲ. ತಾಯಂದಿರು ಭಾನುವಾರದ ಬಲಿಪೂಜೆಯ ನಂತರ ಗುರುಗಳೊಡನೆ ಒಂದು ಮಾತು ಹೇಳಿದರೆ ಸಾಕು. ಈ ಸಲ ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿದವರೂ ಅದೇ ಹೊತ್ತಿಗೆ ಗುರುಗಳನ್ನು ಕಾಣಬೇಕೆಂದು ಬೇಡಿಕೊಳ್ಳುತ್ತೇವೆ.