ಕಟ್ಟಡ ಕೊಟ್ಟ ಕಾನೂನು, ಪುಸ್ತಕ ಕೊಡಬೇಕಾದ ಕಾನೂನು



1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಾರ್ವಜನಿಕ ಗ್ರಂಥಾಲಯಗಳಿಗೆಂದೇ ಒಂದು ಕಾಯ್ದೆ ಮಾಡಿತು. ಹತ್ತು ಸಾವಿರಕ್ಕೆ ಮೇಲ್ಪಟ್ಟು ಜನರಿರುವ ಪಟ್ಟಣಗಳು ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ಎತ್ತಿ ಗ್ರಂಥಾಲಯ ನಡೆಸಲು ಅದರಿಂದ ಅವಕಾಶವಾಯಿತು. ಆದರೆ ಒಂದು ವಿಚಿತ್ರ ಷರತ್ತಿತ್ತು. ಆ ಹಣದಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು. ಪುಸ್ತಕ ಮಾತ್ರ ಕೊಳ್ಳುವಂತಿಲ್ಲ. ಪುಸ್ತಕಗಳನ್ನು ದಾನಿಗಳು ಕೊಡುತ್ತಾರೆಂದು ಶಾಸನ ಮಾಡಿದವರು ನಂಬಿದ್ದರು. 1855ರಲ್ಲಿ ಕಾಯ್ದೆ ಬದಲಾಗಿ ಪುಸ್ತಕ ಖರೀದಿಗೂ ದಾರಿಯಾಯಿತು. ಕಣ್ಣು ಕಾಣುವ ಓದುಗರಿಗೆ ಐದೇ ವರ್ಷದಲ್ಲಿ ನೀಗಿದ ಈ ಕೊರತೆ, ಕಣ್ಣು ಕಾಣದ ಓದುಗರಿಗೆ ಇನ್ನೂ ಪೂರ್ತಿ ನೀಗಿಲ್ಲ. ಬಾಗಿಲು ಅವರಿಗೂ ತೆರೆದೇ ಇದೆ. ಒಳಗೆ ಅವರು ಓದಬಲ್ಲ ಪುಸ್ತಕ ಇದೆಯೇ ಎಂಬುದೇ ಪ್ರಶ್ನೆ.

ಹಾಗೆಂದು ಲಿಪಿ ಇರಲಿಲ್ಲವೆಂದಲ್ಲ. ಲೂಯಿ ಬ್ರೈಲ್ ತನ್ನ ಆರು ಚುಕ್ಕಿಗಳ ಲಿಪಿಯನ್ನು 1829ರಲ್ಲೇ ಪ್ರಕಟಿಸಿದ್ದ. 1882ರಲ್ಲಿ ಲಂಡನ್ನಿನ ಮಾರ್ಥಾ ಆರ್ನಾಲ್ಡ್ ಎಂಬ ಮಹಿಳೆ ಅಂಧರಿಗಾಗಿ ಎರವಲು ಗ್ರಂಥಾಲಯ ಆರಂಭಿಸಿದರು. ಮುಂದೆ ಅದೇ ಬ್ರಿಟನ್ನಿನ ಅಂಧರ ರಾಷ್ಟ್ರೀಯ ಗ್ರಂಥಾಲಯವಾಗಿ ಬೆಳೆಯಿತು. ಇವೆಲ್ಲ ದಾನಿಗಳ, ಸ್ವಯಂಸೇವಕರ ಕೆಲಸ.

ಅಂಧರ ಓದಿಗೆ ಸರ್ಕಾರದ ಬೊಕ್ಕಸದಿಂದಲೇ ಪ್ರತಿವರ್ಷ ಹಣ ಸಿಗುವಂತೆ ಮಾಡಿದ ದೊಡ್ಡ ಕಾನೂನು ಬಂದದ್ದು ಅಮೆರಿಕದಲ್ಲಿ. ಹೆಲನ್ ಕೆಲರ್ 1930ರಲ್ಲಿ ಅಲ್ಲಿನ ಶಾಸಕರ ಸಮಿತಿಯ ಮುಂದೆ ನಿಂತು ಇದಕ್ಕಾಗಿ ವಾದಿಸಿದ್ದರು. 1931ರ ಮಾರ್ಚ್ 3ರಂದು ಪ್ರಾಟ್-ಸ್ಮೂಟ್ ಕಾಯ್ದೆ ಜಾರಿಗೆ ಬಂತು. ವರ್ಷಕ್ಕೆ ಒಂದು ಲಕ್ಷ ಡಾಲರ್, ಅದನ್ನು ವಿನಿಯೋಗಿಸುವ ಹೊಣೆ ಲೈಬ್ರರಿ ಆಫ್ ಕಾಂಗ್ರೆಸ್ಸಿನದು. ವಯಸ್ಕ ಅಂಧರಿಗೆ ಮಾತ್ರವೇ ಎಂಬ ಮಿತಿ ಅದರಲ್ಲಿತ್ತು. ಮಕ್ಕಳು 1952ರವರೆಗೆ ಕಾಯಬೇಕಾಯಿತು. 1934ರ ಹೊತ್ತಿಗೆ ಗ್ರಾಮಫೋನ್ ತಟ್ಟೆಗಳ ಮೇಲೆ ಮಾತಾಡುವ ಪುಸ್ತಕಗಳು ಬಂದವು. ನಿಧಾನವಾಗಿ ತಿರುಗುವ, ಹೆಚ್ಚು ಹೊತ್ತು ಓಡುವ ಆ ತಟ್ಟೆಗಳು ಸಂಗೀತದ ಅಂಗಡಿಗಳಲ್ಲಿ ಸಾಮಾನ್ಯವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅಂಧ ಓದುಗರ ಮನೆ ತಲುಪಿದ್ದವು.

ಅದೇ 1931ರಲ್ಲಿ ಮದರಾಸಿನಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಹೊರತಂದರು. ಅದರ ಎರಡನೆಯ ಸೂತ್ರ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ನನ್ನ ಮಟ್ಟಿಗೆ ಇವತ್ತಿನ ಇಡೀ ವಿಷಯ ಆ ಸೂತ್ರದಲ್ಲೇ ಇದೆ. ಅವರ ಪ್ರಯತ್ನದಿಂದ 1948ರಲ್ಲಿ ಮದರಾಸು ಪ್ರಾಂತದ ಗ್ರಂಥಾಲಯ ಕಾಯ್ದೆ ಬಂತು. ಅದಕ್ಕೂ ಮೊದಲು, 1945ರಲ್ಲಿ, ಕೊಲ್ಹಾಪುರ ಸಂಸ್ಥಾನ ಇಂಥದೊಂದು ಕಾಯ್ದೆ ಮಾಡಿತ್ತು. ನಮ್ಮದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. ಇವತ್ತು ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿಯಲ್ಲಿ ಒಮ್ಮೆ ನೋಡಿ. ಕಣ್ಣು ಕಾಣದವರ ಮನೆಗೂ ಆ ಕರ ಅಷ್ಟೇ. ಅವರಿಗೆ ರಿಯಾಯಿತಿ ಬೇಕಿಲ್ಲ, ಪುಸ್ತಕ ಬೇಕು.

ಕನ್ನಡ ಬ್ರೈಲ್ ಹೇಗಿರುತ್ತದೆಂದು ಹಲವರು ಕೇಳುತ್ತಾರೆ. 1951ರ ಹೊತ್ತಿಗೆ ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಒಪ್ಪಿಗೆಯಾಯಿತು. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’, ಎಲ್ಲಕ್ಕೂ ಅವೇ ಚುಕ್ಕಿಗಳು. ‘ಅಕ್ಕ’ ಎಂದು ಬರೆಯಬೇಕೆನ್ನಿ. ಮೊದಲು ‘ಅ’ಗೆ ಒಂದು ಚುಕ್ಕಿ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಒತ್ತು ಬರುತ್ತಿದೆ ಎಂದು ಸೂಚಿಸುವ ಒಂಟಿ ಚುಕ್ಕಿ ಮುಂದಾಗಿ ಬರುತ್ತದೆ, ಆಮೇಲೆ ‘ಕ’, ಪಕ್ಕದಲ್ಲಿ ಮತ್ತೊಂದು ‘ಕ’. ಎಲ್ಲವೂ ಸಾಲಾಗಿ ಬೆರಳ ತುದಿಗೆ ಸಿಗುತ್ತವೆ. ಆದ್ದರಿಂದಲೇ ಜಾಗ ಹೆಚ್ಚು ಬೇಕು, ಕಾಗದವೂ ದಪ್ಪ. ಕೈಚೀಲದಲ್ಲಿ ಹಿಡಿಸುವ ಕಾದಂಬರಿ ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ನಮ್ಮ ಅಂಚೆ ಇಲಾಖೆ ಏಳು ಕಿಲೋವರೆಗಿನ ಅಂಧ ಸಾಹಿತ್ಯದ ಕಟ್ಟುಗಳನ್ನು ಭೂಮಾರ್ಗದಲ್ಲಿ ಉಚಿತವಾಗಿ ಸಾಗಿಸುವುದು ಈ ಭಾರದ ಕಾರಣಕ್ಕೇ.

ಪುಸ್ತಕ ಇಲ್ಲದ್ದಕ್ಕೆ ಭಾರ, ಖರ್ಚು ಮಾತ್ರ ಕಾರಣವಾಗಿರಲಿಲ್ಲ. ಹಕ್ಕುಸ್ವಾಮ್ಯವೂ ಅಡ್ಡ ನಿಂತಿತ್ತು. ಮಾರುಕಟ್ಟೆಯಲ್ಲಿರುವ ಪುಸ್ತಕವನ್ನು ಬ್ರೈಲಿಗೋ ಧ್ವನಿಗೋ ಇಳಿಸಲು ಲೇಖಕರನ್ನೋ ಪ್ರಕಾಶಕರನ್ನೋ ಒಂದೊಂದಾಗಿ ಕೇಳಬೇಕಿತ್ತು. ಉತ್ತರವೇ ಬಾರದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಈ ಬೀಗ ತೆಗೆಯಿತು. ಲಾಭದ ಉದ್ದೇಶವಿಲ್ಲದೆ, ಅಂಗವಿಕಲರ ಓದಿಗಾಗಿ ಯಾವುದೇ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಈಗ ಅನುಮತಿಯೂ ಬೇಡ, ಗೌರವಧನವೂ ಬೇಡ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಈ ಕೆಲಸ ಮಾಡಬಹುದಾದ ಸಂಸ್ಥೆಗಳ ಪಟ್ಟಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ಗ್ರಂಥಾಲಯಗಳನ್ನೂ ಕಾಯ್ದೆ ಸೇರಿಸಿದೆ. ಮರುವರ್ಷ ಮೊರಾಕ್ಕೊದ ಮರಾಕೆಶ್ ನಗರದಲ್ಲಿ ಇದೇ ಆಶಯದ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಇಂಥ ಓದುಗರಿಗೆಂದೇ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಲ್ಲಿ ತೆರೆಯಿತು.

ಕಾನೂನು ಇಷ್ಟು ದೂರ ಬಂದಮೇಲೂ ಕನ್ನಡದಲ್ಲಿ ಒಂದು ತೊಡಕು ಉಳಿದಿದೆ. ನಮ್ಮ ಎಷ್ಟೋ ಪುಸ್ತಕಗಳ ಡಿಟಿಪಿ ಆಗಿರುವುದು ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ. ಪರದೆಯ ಮೇಲೆ ಕಾಣುವುದು ಚೆಂದದ ಕನ್ನಡ. ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಓದಿ ಹೇಳುವ ತಂತ್ರಾಂಶ ಆ ರಾಶಿಯನ್ನೇ ಉಚ್ಚರಿಸುತ್ತದೆ. ಅದೇ ಪುಸ್ತಕ ಯುನಿಕೋಡಿನಲ್ಲಿದ್ದರೆ ಮೊಬೈಲ್ ಫೋನೇ ಓದಿ ಹೇಳುತ್ತದೆ, ಬ್ರೈಲ್ ಮುದ್ರಣಕ್ಕೂ ಸುಲಭವಾಗಿ ಇಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವ ತಂತ್ರಾಂಶ ರೂಪುಗೊಂಡಿದೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಧ್ವನಿ ಪುಸ್ತಕಗಳನ್ನು ತಯಾರಿಸುತ್ತ ಬಂದಿವೆ. ಆದರೆ ಕರ ಎತ್ತುವ ಅಧಿಕಾರವಿರುವುದು ಅವಕ್ಕಲ್ಲ. ಸಾರ್ವಜನಿಕ ಹಣ ಹರಿಯುವುದು ಗ್ರಂಥಾಲಯ ಇಲಾಖೆಯ ಮೂಲಕ, ಹೊಣೆಯೂ ಅಲ್ಲೇ ಇರಬೇಕು.

ಆದ್ದರಿಂದ ಇಲಾಖೆಯಲ್ಲಿ ನನ್ನದೊಂದು ಕೋರಿಕೆ. ಸಗಟು ಖರೀದಿಗೆ ಆಯ್ಕೆಯಾಗುವ ಪ್ರತಿ ಕನ್ನಡ ಪುಸ್ತಕದ ಜೊತೆಗೆ ಅದರ ಯುನಿಕೋಡ್ ಕಡತವನ್ನೂ ಪ್ರಕಾಶಕರು ಒಪ್ಪಿಸಬೇಕೆಂದು ಷರತ್ತು ಹಾಕಿ. ಆ ಕಡತ ಅಂಧ ಓದುಗರಿಗಷ್ಟೇ ಸಿಗುವಂತೆ ಭದ್ರವಾಗಿಡಿ. ಕೇಳುಗರೇ, ನಿಮ್ಮೂರಿನ ಗ್ರಂಥಾಲಯಕ್ಕೆ ಮುಂದಿನ ಸಲ ಹೋದಾಗ ಗ್ರಂಥಪಾಲಕರನ್ನು ಒಂದು ಮಾತು ಕೇಳಿ: ಇಲ್ಲಿ ಕಣ್ಣು ಕಾಣದವರು ಓದುವ ಪುಸ್ತಕ ಎಷ್ಟಿವೆ?